ಗಾಳಿಗೆ ಅಲುಗದ ನಿಲುವಂಗಿ

ಕಲಬುರಗಿ,
ಮೇ ತಿಂಗಳ ಕೊನೆಯ ಭಾನುವಾರ

ಪ್ರಿಯ ಗೆಳೆಯ,

ಬೀದರಿನಿಂದ ನೀನು ಬರೆದ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು ಪುಟದಲ್ಲಿ ಮನೆಯ ಸುದ್ದಿ ಒಂದು ಸಾಲೂ ಇಲ್ಲ, ಪೂರ್ತಿ ಸಿಟ್ಟೇ. ನಾವು ಮೆಚ್ಚಿ ಓದಿದ ‘ದಿ ಐ ಆಫ್ ದಿ ವರ್ಲ್ಡ್’ ಕಾದಂಬರಿಯನ್ನು ಆಧರಿಸಿದ ಕಾಮಿಕ್ಸ್‌ನ ಎರಡು ಸಂಪುಟ ಓದಿ ಮುಚ್ಚಿಟ್ಟೆಯಂತೆ, ಮೂರನೆಯದನ್ನು ಕೈಯಿಂದಲೂ ಮುಟ್ಟುವುದಿಲ್ಲವಂತೆ. ‘ನಮ್ಮ ರ‍್ಯಾಂಡ್‌ನನ್ನು ವ್ಯಾಯಾಮಶಾಲೆಯ ಹುಡುಗನನ್ನಾಗಿ ಮಾಡಿಬಿಟ್ಟಿದ್ದಾರೆ, ನೈನೀವ್‌ಗೆ ಜಡೆ ಇದೆ, ಮುಖ ಇಲ್ಲ’ ಎಂದು ಕಥಾನಾಯಕನ ಬಗ್ಗೆ, ಅವನ ಹಳ್ಳಿಯ ವೈದ್ಯೆಯ ಬಗ್ಗೆ ಬರೆದಿದ್ದೀಯ. ಹಾಸ್ಟೆಲಿನ ನಮ್ಮ ಐದು ಜನರ ಗುಂಪಿನಲ್ಲಿ ಮೂವರು ನಿನ್ನ ಪರವಾಗಿದ್ದಾರೆ. ಸೇಡಂನವನಂತೂ ಫೋನಿನಲ್ಲಿ ಅರ್ಧ ಗಂಟೆ ಬೈದ. ನಾನು ಮಾತ್ರ ಇನ್ನೂ ಏನೂ ಹೇಳಿಲ್ಲ. ನಮ್ಮ ಹಾಗೆಯೇ ಈ ಕಾದಂಬರಿಗಳನ್ನು ಎದೆಗೆ ಹಚ್ಚಿಕೊಂಡ ಬೇರೆಯವರೂ ಇದ್ದಾರೆ, ಅವರೂ ಓದಲಿ ಎಂದು ಈ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿನಗೆ ನೆನಪಿದೆಯಲ್ಲ, ನಮ್ಮ ಕೈಗೆ ಬಂದಾಗಲೇ ಆ ಪುಸ್ತಕದ ಬೆನ್ನು ಒಡೆದಿತ್ತು. ರಾಬರ್ಟ್ ಜೋರ್ಡನ್ ಬರೆದ ‘ದಿ ವೀಲ್ ಆಫ್ ಟೈಮ್’ ಮಾಲೆಯ ಮೊದಲ ಕಾದಂಬರಿ, ‘ದಿ ಐ ಆಫ್ ದಿ ವರ್ಲ್ಡ್’. ಅದು ಅಚ್ಚಾದದ್ದು 1990ರಲ್ಲಿ, ನಮಗೆ ಸಿಕ್ಕಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಹಳೆಯ ಪುಸ್ತಕಗಳ ರಾಶಿಯಲ್ಲಿ. ಎಂಟುನೂರು ಪುಟ, ಒಂದೇ ಪ್ರತಿ, ಓದುವವರು ಇಬ್ಬರು. ಕೊನೆಗೆ ನೀನೇ ಒಡೆದ ಬೆನ್ನನ್ನು ಪೂರ್ತಿ ಸೀಳಿ ಎರಡು ಭಾಗ ಮಾಡಿದೆ. ಓದಿ ಮುಗಿಸಿದ ಹಾಳೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ನನ್ನ ಮಂಚಕ್ಕೆ ಎಸೆಯುತ್ತಿದ್ದೆ. ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿನ್ನ ಹಿಂದೆ ಹಿಂದೆ ಬರುತ್ತಿದ್ದೆ. 2007ರ ಸೆಪ್ಟೆಂಬರಿನಲ್ಲಿ ಜೋರ್ಡನ್ ತೀರಿಕೊಂಡ ಸುದ್ದಿ ಬಂದಾಗ ನಾವು ಐದನೆಯ ಪುಸ್ತಕದಲ್ಲಿದ್ದೆವು. ಆ ರಾತ್ರಿ ಇಬ್ಬರೂ ಊಟಕ್ಕೆ ಹೋಗಲಿಲ್ಲ. ಮುಂದೆ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಪುಸ್ತಕಗಳನ್ನು ಬರೆದು 2013ರಲ್ಲಿ ಕಥೆಗೆ ಮಂಗಳ ಹಾಡಿದಾಗ ನೀನು ಬೀದರಿನಲ್ಲಿದ್ದೆ, ನಾನಿಲ್ಲಿ. ಒಂದು ಗಂಟೆ ಫೋನು ಹಿಡಿದುಕೊಂಡಿದ್ದೆವು, ಮಾತನಾಡಿದ್ದು ಕಡಿಮೆ.

ಇಷ್ಟನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಕಾಮಿಕ್ಸ್ ತಪ್ಪು ಬರೆದಿದೆ ಎಂದು ನೀನು ಹೇಳುತ್ತೀಯ. ನನಗೂ ಮೊದಲು ಹಾಗೆಯೇ ಅನಿಸಿತ್ತು. ಹಾಗಾಗಿ ಕಳೆದ ವಾರ ಪೂರ್ತಿ ಒಂದು ತೊಡೆಯ ಮೇಲೆ ಕಾದಂಬರಿ, ಇನ್ನೊಂದರ ಮೇಲೆ ಕಾಮಿಕ್ಸ್ ಇಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದೆ. ನೋಡಿದ ಮೇಲೆ ನನ್ನ ಸಂಕಟ ಬೇರೆಯೇ ಆಯಿತು. ಬಹಳ ಕಡೆ ಅವರು ಬರೆದದ್ದೇ ಸರಿ. ತಪ್ಪಿದ್ದವರು ನಾವು.

ರ‍್ಯಾಂಡ್‌ನ ಊರನ್ನೇ ತೆಗೆದುಕೋ. ಆ ನಾಡಿನ ಹೆಸರೇ ‘ಎರಡು ನದಿಗಳು’. ಹೆಸರು ಓದಿದ ಕ್ಷಣವೇ ನನ್ನ ಕಣ್ಣ ಮುಂದೆ ಬಂದದ್ದು ಶಹಾಬಾದಿನ ಬಳಿ ಕಾಗಿಣಾ ಭೀಮೆಯನ್ನು ಸೇರುವ ಜಾಗ. ಅಜ್ಜನ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ನೀರು, ಎರೆಹೊಲ, ತೊಗರಿ. ರ‍್ಯಾಂಡ್ ತನ್ನ ತಂದೆಯ ಜೊತೆ ಗಾಡಿ ಹೊಡೆದುಕೊಂಡು ಬರುವ ದಾರಿಯ ಎರಡೂ ಬದಿಗೆ ನಾನು ತೊಗರಿಯನ್ನೇ ಬಿತ್ತಿದ್ದೆ. ಊರಿನ ಮನೆಗಳೆಲ್ಲ ಮಾಳಿಗೆ ಮನೆಗಳು, ಅಂಗಳಕ್ಕೆ ಶಹಾಬಾದ್ ಕಲ್ಲು. ಆದರೆ ಪುಸ್ತಕದಲ್ಲಿ ಏನಿದೆ ಗೊತ್ತೇ? ಇಡೀ ಊರಿಗೆ ಹುಲ್ಲಿನ ಮಾಡು. ಛತ್ರದ ಕಟ್ಟಡವೊಂದಕ್ಕೆ ಮಾತ್ರ ಕೆಂಪು ಹೆಂಚು. ಅಷ್ಟು ಸ್ಪಷ್ಟವಾಗಿ ಬರೆದಿದ್ದಾನೆ. ನಾನು ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಆದರೂ ಕಣ್ಣು ಮಾಳಿಗೆಯನ್ನೇ ಕಟ್ಟಿತ್ತು.

ಅದಕ್ಕಿಂತ ದೊಡ್ಡದು ಚಳಿಗಾಲದ ವಿಷಯ. ಕಥೆ ಶುರುವಾಗುವುದೇ ಮುಗಿಯದ ಚಳಿಗಾಲದಿಂದ. ವಸಂತ ಬರಬೇಕಾದ ಹೊತ್ತಿಗೆ ಬಂದಿಲ್ಲ, ಮೊಳಕೆ ಏಳುತ್ತಿಲ್ಲ, ಕುರಿಮರಿಗಳು ಸಾಯುತ್ತಿವೆ, ಜನ ಒಳಗೊಳಗೇ ಹೆದರಿದ್ದಾರೆ. ನಾನದನ್ನು ಓದಿದ್ದು ಮೇ ತಿಂಗಳಲ್ಲಿ. ಹೊರಗೆ 43 ಡಿಗ್ರಿ, ಹಾಸ್ಟೆಲಿನ ನಲ್ಲಿಯಲ್ಲಿ ನೀರಿಲ್ಲ. ಹಿಮ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಬಾರದ ವಸಂತವನ್ನು ನಾನು ಬಾರದ ಮಳೆ ಎಂದೇ ಓದಿಕೊಂಡೆ. ಆ ಊರಿನ ಹಿರಿಯರು ಆಕಾಶ ನೋಡಿ ತಲೆ ಅಲ್ಲಾಡಿಸುವಾಗ ನನಗೆ ಕಂಡದ್ದು ಮೃಗಶಿರಾ ಮಳೆಗೆ ಕಾದು ಕುಳಿತ ನನ್ನ ಅಜ್ಜ. ಆ ಭಯ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಪುಸ್ತಕ ನನ್ನನ್ನು ಹಿಡಿದುಕೊಂಡಿತು.

ಈಗ ಕಾಮಿಕ್ಸ್ ತೆರೆದರೆ ಕೋಟು ಹೊದ್ದು ಮೈ ಮುದುಡಿಕೊಂಡ ಜನ, ಹುಲ್ಲಿನ ಮಾಡು, ಯುರೋಪಿನ ಹಳ್ಳಿ. ಎಲ್ಲವೂ ಪಠ್ಯಕ್ಕೆ ಸರಿಯಾಗಿಯೇ ಇದೆ. ಆ ಪುಟ ನೋಡಿದಾಗ ನನ್ನ ಅಜ್ಜ ಆ ಊರಿನಿಂದ ಎದ್ದು ಹೋದ ಹಾಗಾಯಿತು. ಚಿತ್ರಕಾರ ತಪ್ಪು ಮಾಡಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಸರಿಯಾಗಿ ಬರೆದವನನ್ನು ಏನೆಂದು ಬೈಯುವುದು? ನಿನ್ನ ನೈನೀವ್ ವಿಷಯವೂ ಇದೇ ಅಲ್ಲವೇ, ಯೋಚಿಸು. ಜೇವರ್ಗಿ ಕಡೆಯ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ನಿನ್ನ ಚಿಕ್ಕಮ್ಮನ ಮುಖವನ್ನೇ ನೀನು ಅವಳಿಗೆ ಕೊಟ್ಟಿದ್ದೆ. ಸಿಟ್ಟು ಬಂದಾಗ ಜಡೆ ಎಳೆದುಕೊಳ್ಳುವ ಆ ಹಳ್ಳಿಯ ವೈದ್ಯೆಯನ್ನು ಬಣ್ಣಿಸುವಾಗಲೆಲ್ಲ ಚಿಕ್ಕಮ್ಮನ ಹಾಗೆಯೇ ಸೊಂಟಕ್ಕೆ ಕೈಯಿಟ್ಟು ತೋರಿಸುತ್ತಿದ್ದೆ. ಆ ಮುಖ ಅಮೆರಿಕದ ಚಿತ್ರಕಾರನಿಗೆ ಎಲ್ಲಿಂದ ಸಿಗಬೇಕು?

ಹಾಗೆಂದು ನಿನ್ನ ದೂರುಗಳನ್ನೆಲ್ಲ ತಳ್ಳಿಹಾಕುತ್ತಿಲ್ಲ. ಕೆಲವು ನನ್ನವೂ ಹೌದು. ಹುಡುಗರ ಮೈಕಟ್ಟೆಲ್ಲ ಒಂದೇ ಅಚ್ಚು. ರ‍್ಯಾಂಡ್‌ನ ಕೆಂಪುಗೂದಲು ಇಲ್ಲದಿದ್ದರೆ ಕೆಲವು ಚೌಕಗಳಲ್ಲಿ ಯಾರು ಯಾರೆಂದು ಹೇಳುವುದೇ ಕಷ್ಟ. ಚೇಸ್ ಕಾನ್ಲಿ ಆರಂಭಿಸಿದ ಚಿತ್ರಗಳನ್ನು ಮುಂದೆ ಬೇರೆಯವರು ಕೈಗೆತ್ತಿಕೊಂಡಾಗ ಮುಖಗಳೂ ಬದಲಾದವು. ಸಂಚಿಕೆಯಿಂದ ಸಂಚಿಕೆಗೆ ಕಾದು ಓದಿದವರಿಗೆ ಅದೆಷ್ಟು ಬೇಸರವಾಗಿರಬೇಕು. ಇದಕ್ಕೂ ಮೊದಲು ಬಂದ, ಮಾಲೆಯ ಪೂರ್ವಕಥೆ ‘ನ್ಯೂ ಸ್ಪ್ರಿಂಗ್’ನ ಕಾಮಿಕ್ಸ್ ಅಭಿಮಾನಿಗಳ ತಾಳ್ಮೆಯನ್ನು ಇನ್ನೂ ಹೆಚ್ಚು ಪರೀಕ್ಷಿಸಿತ್ತು. 2005ರಲ್ಲಿ ಶುರುವಾಗಿ, ಎಂಟು ಸಂಚಿಕೆಗಳಲ್ಲಿ ಐದು ಬಂದು ನಿಂತುಹೋಯಿತು. ಉಳಿದ ಮೂರು ಬರುವಷ್ಟರಲ್ಲಿ ಜೋರ್ಡನ್ ಇರಲಿಲ್ಲ. ಅದರ ಸಂಕಲನದಲ್ಲಿ ಆತ ಕಾಮಿಕ್ಸ್ ತಂಡದೊಂದಿಗೆ ನಡೆಸಿದ ಪತ್ರವ್ಯವಹಾರವನ್ನೂ ಸೇರಿಸಿದ್ದಾರೆ. ಚಿತ್ರಗಳಿಗಿಂತ ನನಗೆ ಆ ಪುಟಗಳೇ ಹೆಚ್ಚು ಬೇಕಾದವು. ತನ್ನ ತಲೆಯೊಳಗಿನದು ಇನ್ನೊಬ್ಬರ ಕೈಯಲ್ಲಿ ಮೂಡುವಾಗ ಬರೆದವನಿಗೇ ಅಷ್ಟೊಂದು ಹೇಳುವುದಿತ್ತು ಎಂದ ಮೇಲೆ ನೀನು ನಾಲ್ಕು ಪುಟ ಬರೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೇಡಂನವನ ದೂರು ಮಾತ್ರ ಲೆಕ್ಕದ್ದು. ಚಿತ್ರಕಥೆ ಬರೆದ ಚಕ್ ಡಿಕ್ಸನ್ ಮೂಲವನ್ನು ಬಿಡದೆ ಹಿಂಬಾಲಿಸಿದ್ದರಿಂದ ಮೊದಲ ಕಾದಂಬರಿಯೊಂದೇ ಆರು ಸಂಪುಟಗಳಾಯಿತು. ಹದಿನಾಲ್ಕು ಕಾದಂಬರಿಗಳಿಗೆ ಅದೇ ಅಳತೆಯಲ್ಲಿ 84 ಸಂಪುಟ ಬೇಕು. ಮೊದಲ ಕಾದಂಬರಿ ಮುಗಿದ ಮೇಲೆ ಕೆಲಸ ವರ್ಷಗಟ್ಟಲೆ ನಿಂತಿತು. ‘ಇಷ್ಟು ನಿಧಾನಕ್ಕೆ ನಡೆಯದೆ ಸ್ವಲ್ಪ ಬಿಟ್ಟು ಬರೆದಿದ್ದರೆ ಮುಂದಿನದಾದರೂ ಬೇಗ ಬರುತ್ತಿತ್ತು’ ಎಂಬುದು ಅವನ ವಾದ. ಬಿಟ್ಟಿದ್ದರೆ ಯಾಕೆ ಬಿಟ್ಟರು ಎಂದು ಅವನೇ ಮೊದಲು ಕೇಳುತ್ತಿದ್ದ. ಅದನ್ನು ಅವನಿಗೂ ಹೇಳಿದ್ದೇನೆ.

ನನ್ನ ನಿಜವಾದ ತಕರಾರು ಬೇರೆ. ಅಕ್ಷರಕ್ಕೆ ಸುಲಭವಾದದ್ದು ಗೆರೆಗೆ ಸಿಗುವುದಿಲ್ಲ. ಮಂತ್ರಶಕ್ತಿಯುಳ್ಳ ಮೊಯ್ರೇನ್‌ಳ ಮುಖ ನೋಡಿ ವಯಸ್ಸು ಹೇಳುವುದು ರ‍್ಯಾಂಡ್‌ಗೆ ಸಾಧ್ಯವಾಗುವುದಿಲ್ಲ ಎಂದು ಜೋರ್ಡನ್ ಬರೆಯುತ್ತಾನೆ. ಒಂದು ಸಾಲು, ಮುಗಿಯಿತು. ಚಿತ್ರಕಾರ ಏನು ಮಾಡಬೇಕು? ಕಣ್ಣು, ಮೂಗು, ಕೆನ್ನೆ ಬರೆದ ಕೂಡಲೇ ಅದಕ್ಕೊಂದು ವಯಸ್ಸು ಬಂದುಬಿಡುತ್ತದೆ. ಅವಳ ಅಂಗರಕ್ಷಕ ಲ್ಯಾನ್ ಹೊದೆಯುವ ಮೇಲಂಗಿ ಹಿಂದಿರುವುದರ ಬಣ್ಣ ತಳೆದು ಅವನನ್ನು ಅರ್ಧ ಮರೆಮಾಡುತ್ತದೆ. ಅದನ್ನು ಬರೆದರೆ ಚಿತ್ರದಲ್ಲಿ ಬಣ್ಣ ಹಾಕುವುದು ಮರೆತರೇನೋ ಅನಿಸುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಕಪ್ಪು ಸವಾರ. ಮಾಲೆಯ ಪ್ರತಿ ಪುಸ್ತಕದ ಮೊದಲ ಅಧ್ಯಾಯವೂ ಗಾಳಿಯಿಂದ ಶುರುವಾಗುತ್ತದೆಯಲ್ಲ, ಆ ಗಾಳಿ ಬೆಟ್ಟದಿಂದ ಇಳಿದು ರ‍್ಯಾಂಡ್‌ನ ಬಟ್ಟೆಯನ್ನು ಹರಿದುಹಾಕುವಂತೆ ಬೀಸುತ್ತಿದೆ. ಹಿಂತಿರುಗಿ ನೋಡಿದರೆ ದಾರಿಯಲ್ಲಿ ಕುದುರೆಯ ಮೇಲೆ ಕಪ್ಪು ನಿಲುವಂಗಿ ತೊಟ್ಟವನೊಬ್ಬ. ಅವನ ನಿಲುವಂಗಿ ಮಾತ್ರ ಅಲುಗುತ್ತಿಲ್ಲ. ಆ ಸಾಲು ಓದಿದಾಗ ನನ್ನ ಬೆನ್ನು ತಣ್ಣಗಾಗಿತ್ತು. ಆದರೆ ಚಿತ್ರದಲ್ಲಿ ಯಾವ ಬಟ್ಟೆಯೂ ಅಲುಗುವುದಿಲ್ಲವಲ್ಲ! ಹಾಳೆಯ ಮೇಲೆ ಎಲ್ಲವೂ ನಿಂತೇ ಇರುತ್ತದೆ. ನಿಂತದ್ದರ ನಡುವೆ ಇನ್ನೂ ನಿಂತದ್ದನ್ನು ತೋರಿಸುವುದು ಹೇಗೆ?

ಇದನ್ನು ಸಾಧಿಸಿದ ಒಂದೇ ಒಂದು ಚಿತ್ರವನ್ನು ನಾನು ಕಂಡಿದ್ದೇನೆ. ಅದನ್ನು ಬರೆದವನು ನೀನು. ನಿಮ್ಮ ಮನೆಗೆ ಬಂದಿದ್ದಾಗ ಬೀದರ್ ಕೋಟೆಯ ಕಂದಕದ ದಂಡೆಯಲ್ಲಿ ಕುಳಿತಿದ್ದೆವು. ಬಂಡೆ ಕಡಿದು ಮಾಡಿದ ಆ ಮೂರು ಸಾಲಿನ ಕಂದಕವನ್ನು ತೋರಿಸಿ ‘ಇಲ್ಲಿಂದಲೇ ಬರುತ್ತಾನೆ ಅವನು’ ಎಂದೆ. ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್‌ನಿಂದ ಮೊದಲು ಗಾಳಿಯನ್ನು ಬರೆದೆ. ಬೇವಿನ ಎಲೆಗಳು ಅಡ್ಡಡ್ಡಲಾಗಿ ಹಾರುತ್ತಿವೆ, ಹುಲ್ಲು ನೆಲಕ್ಕೆ ಮಲಗಿದೆ, ಕುದುರೆಯ ಬಾಲ ಒಂದು ಕಡೆಗೆ ಚಾಚಿದೆ, ಒಬ್ಬ ಮುದುಕ ರುಮಾಲು ಹಾರದಂತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದಾನೆ. ಕೊನೆಗೆ ನಡುವೆ ಅಡಿಪಟ್ಟಿ ಇಟ್ಟು ಎರಡು ನೇರ ಗೆರೆ ಎಳೆದೆ. ಅಷ್ಟೇ ನಿಲುವಂಗಿ. ಪುಟದಲ್ಲಿದ್ದ ನೇರ ಗೆರೆಗಳು ಅವೆರಡೇ. ಎಷ್ಟೋ ವರ್ಷವಾಯಿತು, ನನಗೆ ಈಗಲೂ ಆ ಸವಾರ ಆ ಎರಡು ಗೆರೆಯಲ್ಲೇ ಕಾಣುತ್ತಾನೆ.

ನಾವಿಬ್ಬರೂ ಚಿತ್ರವನ್ನು ದ್ವೇಷಿಸಿದವರಲ್ಲ. ಚಂದಮಾಮದ ವಿಕ್ರಮನನ್ನು ಶಂಕರ್ ಬರೆದ ಹಾಗೆಯೇ ಒಪ್ಪಿಕೊಂಡೆವು: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸುತ್ತ ಸ್ಮಶಾನ. ವಿಕ್ರಮ ಹೀಗಿರಲಿಲ್ಲ ಎಂದು ನಮ್ಮ ಓಣಿಯಲ್ಲಿ ಯಾರೂ ಜಗಳ ತೆಗೆದದ್ದು ನನಗೆ ನೆನಪಿಲ್ಲ. ಅಲ್ಲಿ ಅಕ್ಷರ ಕೂಡಿಸಿ ಓದಲು ಬರುವ ಮೊದಲೇ ಚಿತ್ರ ಬಂದಿತ್ತು. ಇಲ್ಲಿ ನಾವು ಮೊದಲು ಹೋಗಿ ಮನೆ ಕಟ್ಟಿ, ಒಳಗೆ ನಮ್ಮವರನ್ನು ಕೂರಿಸಿ ಆದ ಮೇಲೆ ಚಿತ್ರ ಬಂದಿದೆ.

ಹಾಗಾದರೆ ಚಿತ್ರದಿಂದಲೇ ಶುರು ಮಾಡುವವರಿಗೆ ಏನಾಗುತ್ತದೆ ಎಂದು ನನಗೆ ಚಿಂತೆಯಿತ್ತು. ಅಣ್ಣನ ಮಗಳು ರಜೆಗೆ ಬಂದಿದ್ದಾಳೆ. ಕನ್ನಡ ಮಾಧ್ಯಮ, ಈಗ ಏಳನೆಯ ತರಗತಿ. ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿತ್ತು. ಬಾಗಿಲ ಬಳಿ ಹಾಸುಗಲ್ಲಿನ ಮೇಲೆ ಬೋರಲು ಮಲಗಿ ಮೊದಲ ಸಂಪುಟ ತೆರೆದುಕೊಂಡಿದ್ದಳು. ಇಂಗ್ಲಿಷ್ ಗುಳ್ಳೆಗಳನ್ನು ಅರ್ಧ ಓದುತ್ತಾಳೆ, ಅರ್ಧ ಊಹಿಸುತ್ತಾಳೆ. ಬೆರಳು ಮಾತ್ರ ಚೌಕದಿಂದ ಚೌಕಕ್ಕೆ ನಿಲ್ಲದೆ ಹೋಗುತ್ತಿತ್ತು. ನಾವು ಒಂದು ತಿಂಗಳಲ್ಲಿ ದಾಟಿದ ದೂರವನ್ನು ಅವಳು ನಿಘಂಟಿನ ಹಂಗಿಲ್ಲದೆ ಒಂದು ಮಧ್ಯಾಹ್ನದಲ್ಲಿ ದಾಟಿದಳು. ಇವಳಿಗೆ ರ‍್ಯಾಂಡ್ ಎಂದರೆ ಇನ್ನು ಮುಂದೆ ಇವನೇ, ಊರು ಎಂದರೆ ಇದೇ ಎಂದುಕೊಂಡು ನಾನು ಸುಮ್ಮನೆ ನೋಡುತ್ತಿದ್ದೆ.

ಅಷ್ಟರಲ್ಲಿ ಬೆರಳು ನಿಂತಿತು. ‘ಕಾಕಾ, ಇವರೆಲ್ಲ ಯಾಕೆ ಇಷ್ಟು ಗಾಬರಿಯಾಗಿದ್ದಾರೆ?’

‘ಚಳಿಗಾಲ ಹೋಗುತ್ತಿಲ್ಲ, ಅದಕ್ಕೆ’ ಎಂದೆ.

ಅವಳು ಬೆವರಿದ ಹಣೆ ಒರೆಸಿಕೊಂಡು ನನ್ನನ್ನು ನೋಡಿದಳು. ‘ಹೋಗದಿದ್ದರೆ ಒಳ್ಳೆಯದೇ ಅಲ್ಲವೇ?’

ಬೇಸಿಗೆ ಅಲ್ಲಿ ಬೇಕಾದದ್ದು, ಬಿಸಿಲು ಬಂದರೇ ಬೆಳೆ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಅಂದರೆ ನಮಗೆ ಮಳೆ ಬಾರದ ಹಾಗೆ’ ಎಂದು ಹೇಳಿ ಪುಟ ತಿರುಗಿಸಿದಳು. ನಾನು ಅಜ್ಜನ ಹೆಸರನ್ನೂ ಎತ್ತಿರಲಿಲ್ಲ ಕಣೋ. ಹಿಮ, ಕೋಟು, ಹುಲ್ಲಿನ ಮಾಡು ಎಲ್ಲ ಅವಳ ಕಣ್ಣ ಮುಂದೆಯೇ ಇದ್ದವು.

ಶನಿವಾರದ ರೈಲಿಗೆ ಬೀದರಿಗೆ ಬರುತ್ತೇವೆ, ಅವಳೂ ಜೊತೆಗಿರುತ್ತಾಳೆ. ಮೂರನೆಯ ಸಂಪುಟ ನನ್ನ ಚೀಲದಲ್ಲಿರುತ್ತದೆ. ಮುಟ್ಟುವುದು ಬಿಡುವುದು ನಿನಗೆ ಬಿಟ್ಟದ್ದು, ಆದರೆ ಅದರ ಪುಟಗಳನ್ನು ನಿನ್ನ ಪಕ್ಕದಲ್ಲಿ ಕುಳಿತು ನೋಡುವ ಆಸೆ ನನಗಿದೆ. ಆ ಲೆಕ್ಕದ ನೋಟ್‌ಬುಕ್ಕನ್ನು ಹುಡುಕಿ ತೆಗೆದಿಡು. ಎರಡು ಗೆರೆಯ ಸವಾರನ ಕಥೆ ಹೇಳಿದ್ದೇನೆ, ಅವಳು ನಂಬುತ್ತಿಲ್ಲ. ಗಾಳಿಯನ್ನು ಮೊದಲು ಹೇಗೆ ಬರೆದರು ಎಂದು ನಿನ್ನನ್ನೇ ಕೇಳಬೇಕಂತೆ. ನೋಟ್‌ಬುಕ್ ಸಿಗದಿದ್ದರೆ ಒಂದು ಪೆನ್ಸಿಲ್, ಒಂದು ಅಡಿಪಟ್ಟಿ ತೆಗೆದುಕೊಂಡು ಕೋಟೆಯ ಬಾಗಿಲಿಗೆ ಬಾ.

ನಿನ್ನ,
ಹಾಳೆಗಳ ದ್ವಿತೀಯಾರ್ಧಕ್ಕೆ ಕಾಯುತ್ತಿದ್ದ ಗೆಳೆಯ