ಗ್ರಂಥಾಲಯಕ್ಕೆ ಪೈ ಬೇಕೋ, ಹಳೆಯ ಡೆಸ್ಕ್‌ಟಾಪ್ ಸಾಕೋ?

ಮಾನ್ಯ ಸಂಪಾದಕರೇ,

ಕಾಸರಗೋಡಿನ ಗ್ರಾಮೀಣ ಗ್ರಂಥಾಲಯಗಳಲ್ಲಿ, ಯುವಕ ಸಂಘಗಳಲ್ಲಿ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ ಈಚೆಗೆ ರಾಸ್‌ಬೆರಿ ಪೈ ಹೆಸರು ಕೇಳಿಬರುತ್ತಿದೆ. ಅಂಗೈಯಗಲದ ಒಂದೇ ಬೋರ್ಡಿನಲ್ಲಿ ಇಡೀ ಕಂಪ್ಯೂಟರ್ ಇದೆ, ಬೆಲೆ ಕಡಿಮೆ, ಕರೆಂಟು ಹೆಚ್ಚು ಬೇಡ ಎಂಬುದು ಅದರ ಪರವಾದ ವಾದ. ಆದರೆ ಊರಿನವರು ಬಂದು ಸರಕಾರಿ ಕೆಲಸಕ್ಕೆ ಪಿಎಸ್‌ಸಿ ಅರ್ಜಿ ತುಂಬುವುದಕ್ಕೂ ಕನ್ನಡದಲ್ಲಿ ವರದಿ ಟೈಪು ಮಾಡಿ ಮುದ್ರಿಸುವುದಕ್ಕೂ ಯಂತ್ರ ಬೇಕಿದ್ದರೆ, ಕಚೇರಿಗಳಲ್ಲಿ ಬಳಕೆಯಾಗಿ, ದುರಸ್ತಿಗೊಂಡು ಮಾರಾಟಕ್ಕೆ ಬರುವ ಡೆಸ್ಕ್‌ಟಾಪೇ ಲೇಸು ಎಂದು ನನ್ನ ಅಭಿಪ್ರಾಯ.

2012ರಲ್ಲಿ ಮೊದಲ ಪೈ 35 ಡಾಲರಿಗೆ ಬಂದಾಗ ಹುಟ್ಟಿದ ಅಗ್ಗದ ಹೆಸರು ಇನ್ನೂ ಹೋಗಿಲ್ಲ. 2025ರ ಕೊನೆಯಲ್ಲಿ ಮೆಮೊರಿ ಚಿಪ್ ತುಟ್ಟಿಯಾದುದರಿಂದ ಪೈಯ ಬೆಲೆಯನ್ನೂ ಏರಿಸಲಾಯಿತು. ಪೈ 5 ಆದರೆ ಬೋರ್ಡಲ್ಲದೆ 27 ವ್ಯಾಟಿನ ಅಡಾಪ್ಟರ್, ಡಬ್ಬಿ, ಫ್ಯಾನು, ಮೆಮೊರಿ ಕಾರ್ಡು, ಮೈಕ್ರೋ ಎಚ್‌ಡಿಎಂಐ ಕೇಬಲ್, ಕೀಬೋರ್ಡು, ಮೌಸು ಎಲ್ಲವನ್ನೂ ಬೇರೆಯಾಗಿ ಕೊಳ್ಳಬೇಕು. ದಾನವಾಗಿ ಬಂದ ಮಾನಿಟರಿನಲ್ಲಿ ಹಳೆಯ ಮಾದರಿಯ ವಿಜಿಎ ಕಿಂಡಿ ಮಾತ್ರ ಇದ್ದರೆ ಅದಕ್ಕೊಂದು ಕನ್ವರ್ಟರ್ ಕೂಡ.

ಕರೆಂಟಿನ ಉಳಿತಾಯ ನಿಜ, ಆದರೆ ಲೆಕ್ಕ ಹಾಕಿ ನೋಡಬೇಕು. ಎರಡರ ನಡುವೆ 25 ವ್ಯಾಟಿನ ಅಂತರವಿದೆ ಎಂದುಕೊಂಡರೆ, ದಿನಕ್ಕೆ ಆರು ಗಂಟೆಯಂತೆ 25 ದಿನಕ್ಕೆ ಉಳಿಯುವುದು ನಾಲ್ಕು ಯೂನಿಟಿಗಿಂತ ಕಡಿಮೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೇಳದೆ ಹೋಗುವುದು ಎಲ್ಲರಿಗೂ ಗೊತ್ತಿದೆ. ಕಾರ್ಡಿಗೆ ಮಾಹಿತಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಪೈಯ ಮೆಮೊರಿ ಕಾರ್ಡಿನಲ್ಲಿರುವ ಕಾರ್ಯವ್ಯವಸ್ಥೆಯೇ ಕೆಡುವ ಅಪಾಯವಿದೆ. ಯುಪಿಎಸ್ ಅಂತೂ ಎರಡಕ್ಕೂ ಬೇಕು.

ನಿಜವಾದ ತೊಡಕು ಪ್ರೊಸೆಸರಿನದು. ಪೈಯಲ್ಲಿರುವುದು ಮೊಬೈಲ್ ಫೋನುಗಳಲ್ಲಿರುವಂಥ ಎಆರ್‌ಎಂ ಪ್ರೊಸೆಸರ್. ಎಷ್ಟೋ ಕಡೆ ಮೇಜಿನ ಮೇಲಿರುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರಿಗೆ ಕಂಪನಿ ಕೊಟ್ಟಿರುವ ಲಿನಕ್ಸ್ (ಪೈಯಲ್ಲಿ ಓಡುವ ಉಚಿತ ಕಾರ್ಯವ್ಯವಸ್ಥೆ) ಡ್ರೈವರ್, ಅಂದರೆ ಪ್ರಿಂಟರ್ ನಡೆಸುವ ತಂತ್ರಾಂಶ, ಇಂಟೆಲ್ ಮಾದರಿಯ ಪ್ರೊಸೆಸರಿಗೆ ಮಾತ್ರ ಇದೆ. ವಿಂಡೋಸಿಗಾಗಿ ಬರೆದ ಕನ್ನಡ ತಂತ್ರಾಂಶಗಳೂ ಪೈಯಲ್ಲಿ ನೇರವಾಗಿ ಓಡುವುದಿಲ್ಲ. ಯೂನಿಕೋಡ್ ಕನ್ನಡವನ್ನು ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿವಿನ್ಯಾಸದಲ್ಲೇ ಲಿನಕ್ಸಿನಲ್ಲಿ ಟೈಪು ಮಾಡಬಹುದು, ಅದರಲ್ಲಿ ಪೈಗೂ ಕೊರತೆಯಿಲ್ಲ. ಆದರೆ ಮುದ್ರಣ ಬಾರದ ಯಂತ್ರದಿಂದ ಗ್ರಂಥಾಲಯಕ್ಕೆ ಅರ್ಧ ಉಪಯೋಗವೂ ಇಲ್ಲ.

ಹಾಗೆಂದು ಹಳೆಯ ಡೆಸ್ಕ್‌ಟಾಪನ್ನು ಕಣ್ಣುಮುಚ್ಚಿ ಕೊಳ್ಳಬಾರದು. ಅಂಗಡಿಯವರು 'ಐ5' ಎಂದಷ್ಟೇ ಹೇಳುತ್ತಾರೆ. ಅದರ ಮುಂದಿನ ಅಂಕಿಯನ್ನು ಕೇಳಬೇಕು. 6500 ಎಂದಿದ್ದರೆ ಆರನೆಯ ತಲೆಮಾರು, 8500 ಎಂದಿದ್ದರೆ ಎಂಟನೆಯದು. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್ಲಿನಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ಮೇಲಿನದೇ ಆಗಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನೇ ಹಾಕಿ ಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬಾರದು. ಆರನೆಯ ತಲೆಮಾರಿನದೇ ಅಗ್ಗವಾಗಿ ಸಿಕ್ಕಿದರೆ, ನಮ್ಮ ಮಕ್ಕಳು ಶಾಲೆಯಲ್ಲಿ ಬಳಸಿ ಪಳಗಿರುವ ಕೇರಳ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಡುವ ಲಿನಕ್ಸ್ ಹಾಕಬಹುದು. ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಒಳಗಿನ ಗಡಿಯಾರಕ್ಕೆ ಹೊಸ ಸಿಆರ್2032 ಸೆಲ್ಲು ಹಾಕಿಸಿ, ವಾರಂಟಿಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು.

ಪೈಯ ಬಗ್ಗೆ ನನಗೆ ಅಸಡ್ಡೆಯಿಲ್ಲ. ಅದರ 40 ಪಿನ್ನುಗಳಿಗೆ ಸೆನ್ಸರ್ ಜೋಡಿಸಿ ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ, ಪಂಪು ನಡೆಸುವ ಪ್ರಯೋಗಗಳನ್ನು ಶಾಲೆಯ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್ ಮಕ್ಕಳು ಮಾಡುವುದಾದರೆ ಡೆಸ್ಕ್‌ಟಾಪಿಗಿಂತ ಅದೇ ಸರಿ. ಅಂಥ ಬೇಡಿಕೆ ಬಂದಾಗ ದಾನಿಗಳು ಅದನ್ನು ಶಾಲೆಗೆ ಕೊಡಲಿ, ಓದುವ ಕೋಣೆಗೆ ಡೆಸ್ಕ್‌ಟಾಪ್ ಕೊಡಲಿ ಎಂದು ಗ್ರಂಥಾಲಯ ಸಮಿತಿಗಳಲ್ಲಿ ನನ್ನ ವಿನಂತಿ.

– ಗ್ರಂಥಾಲಯ ಸದಸ್ಯ, ಬದಿಯಡ್ಕ, ಕಾಸರಗೋಡು ಜಿಲ್ಲೆ