ಕೊಬ್ಬು ತಡೆಯುವ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಆರ್ಲಿಸ್ಟಾಟ್ ಎಂಬ ಕ್ಯಾಪ್ಸೂಲ್ ಬಗ್ಗೆ ಬರೆಯುತ್ತಿದ್ದೇನೆ. ತೂಕ ಇಳಿಸಲು ಕೊಡುವ ಮಾತ್ರೆ ಅದು. ಡಾಕ್ಟರ ಚೀಟಿ ನೋಡಿ ಕೊಡಬೇಕಾದದ್ದು. ನನಗೆ ಸಿಕ್ಕಿದ್ದು ಚೀಟಿ ಇಲ್ಲದೆ. ಮೆಡಿಕಲ್ ಶಾಪಿನಲ್ಲಿ ಹೆಸರು ಬರೆದ ಕಾಗದ ತೋರಿಸಿದೆ, ಹುಡುಗ ಮೂರು ಸ್ಟ್ರಿಪ್ ಕೊಟ್ಟ, ದುಡ್ಡು ತೆಗೆದುಕೊಂಡ, ಅಷ್ಟೆ. ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಅಂತ ಒಂದು ಮಾತು ಕೇಳಲಿಲ್ಲ.

ಹೆಸರು ಹೇಳಿದವಳು ನನ್ನ ನಾದಿನಿ. "ಅತ್ತಿಗೆ, ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿದ್ದೇನೆ, ಮಗಳ ಮದುವೆ ಹೊತ್ತಿಗೆ ನೀವೂ ಇಳೀತೀರಿ" ಎಂದಳು. ಅವಳು ಹೇಳಿದ್ದು ನಿಜವೇ. ಅವಳಿಗೆ ಡಾಕ್ಟರೇ ಬರೆದುಕೊಟ್ಟಿದ್ದರು. ಆದರೆ ಅವಳ ಊಟವೇ ಬೇರೆ, ನನ್ನದೇ ಬೇರೆ. ಅವಳಿಗೆ ಸಂಜೆಯಾದರೆ ಮಿರ್ಚಿ ಬೇಕು, ಬೆಣ್ಣೆ ದೋಸೆ ಬೇಕು. ನನಗೆ ಎರಡು ಹೊತ್ತು ಅನ್ನ ಸಾರು, ಬೆಳಿಗ್ಗೆ ಇಡ್ಲಿ, ದಿನಕ್ಕೆ ನಾಲ್ಕು ಸಲ ಸಕ್ಕರೆ ಹಾಕಿದ ಟೀ. ಈ ವ್ಯತ್ಯಾಸದಲ್ಲೇ ಎಲ್ಲ ಇದೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಈ ಮಾತ್ರೆ ಹಸಿವನ್ನು ಕಡಿಮೆ ಮಾಡುವುದಿಲ್ಲ, ಮೈಯಲ್ಲಿ ಈಗಾಗಲೇ ಸೇರಿರುವ ಕೊಬ್ಬನ್ನು ಕರಗಿಸುವುದೂ ಇಲ್ಲ. ನಾವು ತಿಂದ ಜಿಡ್ಡನ್ನು ಜೀರ್ಣ ಮಾಡುವ ಲೈಪೇಸ್ ಎಂಬ ಕಿಣ್ವವನ್ನು ಹೊಟ್ಟೆ, ಕರುಳಿನಲ್ಲಿ ಕಟ್ಟಿಹಾಕುತ್ತದೆ. 120 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಮೂರು ಸಲ ಊಟದ ಜೊತೆ ತೆಗೆದುಕೊಂಡರೆ, ತಿಂದ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 30 ಭಾಗ ಮೈಗೆ ಹತ್ತದೆ ಹಾಗೇ ಹೊರಗೆ ಹೋಗುತ್ತದೆ. ಅನ್ನ, ಮುದ್ದೆ, ಸಕ್ಕರೆ, ಮೈದಾ ಇವುಗಳ ತಂಟೆಗೇ ಅದು ಹೋಗುವುದಿಲ್ಲ. ಮೈಸೂರು ಪಾಕ್ ತಿಂದರೆ ತುಪ್ಪದಲ್ಲಿ ಒಂದಿಷ್ಟನ್ನು ತಡೆಯಬಹುದು, ಸಕ್ಕರೆಯಂತೂ ಪೂರ್ತಿ ಮೈಗೆ ಸೇರುತ್ತದೆ.

ಆಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದೆ. ದಿನಕ್ಕೆ 60 ಗ್ರಾಂ ಜಿಡ್ಡು ತಿನ್ನುವವರಿಗೆ 18 ಗ್ರಾಂ ತಪ್ಪುತ್ತದೆ, ಅಂದರೆ ಸುಮಾರು 160 ಕ್ಯಾಲೊರಿ. ಒಂದು ಸಣ್ಣ ಬಟ್ಟಲು ಅನ್ನದಷ್ಟು! ನಾನು ಅಷ್ಟು ಜಿಡ್ಡೂ ತಿನ್ನುವವಳಲ್ಲ. ಸ್ವೀಡನ್ನಿನಲ್ಲಿ 3,300 ಜನರ ಮೇಲೆ ನಾಲ್ಕು ವರ್ಷ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲರಿಗೂ ಊಟ, ನಡಿಗೆಯ ಪಥ್ಯ ಇತ್ತು. ಜೊತೆಗೆ ಈ ಮಾತ್ರೆ ತೆಗೆದುಕೊಂಡವರು ಕೊನೆಗೆ ಸರಾಸರಿ 5.8 ಕೆಜಿ ಇಳಿದಿದ್ದರು, ಔಷಧಿ ಇಲ್ಲದ ಬರೀ ಮಾತ್ರೆ ನುಂಗಿದವರು 3 ಕೆಜಿ. ಮಾತ್ರೆ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬಂದದ್ದೂ ಕಡಿಮೆ, ಅದನ್ನೂ ಹೇಳಲೇಬೇಕು. ಇದು ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಯಾರಿಗೆ, ಹೇಗೆ ಅಂತ ನೋಡಿ ಕೊಡಬೇಕು.

ನನ್ನನ್ನು ಯಾರೂ ನೋಡಲಿಲ್ಲ. ಹನ್ನೊಂದು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯಲ್ಲಿ ಅದು, ಎಂಟಕ್ಕೆ ತಿಂಡಿ ಜೊತೆ ಈ ಕ್ಯಾಪ್ಸೂಲ್. ಎರಡಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಬೇಕಂತೆ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ಎರಡು ತಿಂಗಳಾಗುವಷ್ಟರಲ್ಲಿ ಸುಸ್ತು, ಮುಖ ಊದಿಕೊಳ್ಳುವುದು, ತಲೆ ಬಾಚಿದರೆ ಕೈ ತುಂಬ ಕೂದಲು. ತೂಕ ಒಂದು ಕೆಜಿ ಜಾಸ್ತಿಯೇ ಆಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಮೇಲೇರಿತ್ತು, ಅಂದರೆ ಮೈಗೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿರಲಿಲ್ಲ. ಡಾಕ್ಟರು ಮಾತ್ರೆಗಳನ್ನೆಲ್ಲ ತೋರಿಸಿ ಎಂದಾಗಲೇ ವಿಷಯ ಹೊರಗೆ ಬಂದದ್ದು.

ಇನ್ನೊಂದನ್ನು ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೀರ್ಣವಾಗದ ಜಿಡ್ಡು ಎಲ್ಲಿಗೆ ಹೋಗಬೇಕು? ಸಂಬಂಧಿಕರ ಗೃಹಪ್ರವೇಶದಲ್ಲಿ ತುಪ್ಪ ಹಾಕಿದ ಹೋಳಿಗೆ, ಬೋಂಡ ತಿಂದಿದ್ದೆ. ಮಾರನೇ ದಿನ ಶಾಲೆಗೆ ಹೋಗುವ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ಹಾಗಾಯಿತು. ಇಳಿದು ನೋಡಿದರೆ ಸೀರೆಯ ಹಿಂದೆ ಕಿತ್ತಳೆ ಬಣ್ಣದ ಎಣ್ಣೆ ಕಲೆ. ನಾನು ಪಾಠ ಹೇಳುವವಳು, ಮಕ್ಕಳ ಮುಂದೆ ನಿಲ್ಲಬೇಕಾದವಳು. ಅರ್ಧ ದಾರಿಯಿಂದಲೇ ಆಟೋ ಹಿಡಿದು ಮನೆಗೆ ಬಂದು ಅತ್ತೆ. ಜಿಡ್ಡಿನ ಊಟ ಮಾಡಿದರೆ ಹೀಗಾಗುತ್ತದೆ ಅಂತ ಮೊದಲೇ ತಿಳಿದಿದ್ದರೆ ಹೋಳಿಗೆಗೆ ತುಪ್ಪ ಬೇಡ ಅನ್ನುತ್ತಿದ್ದೆ, ಅಲ್ವಾ?

ಹೇಳಬೇಕಾದದ್ದು ಇನ್ನೂ ಇದೆ. ಎ, ಡಿ, ಇ, ಕೆ ವಿಟಮಿನ್‌ಗಳು ಜಿಡ್ಡಿನ ಜೊತೆಗೇ ಮೈಗೆ ಸೇರುವಂಥವು, ಜಿಡ್ಡು ಹೋದರೆ ಅವೂ ಹೋಗುತ್ತವೆ. ಅದಕ್ಕೆ ರಾತ್ರಿ ಮಲಗುವಾಗ ಬೇರೆಯಾಗಿ ವಿಟಮಿನ್ ಮಾತ್ರೆ ಬೇಕು. ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸ್‌ನ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಬಸುರಿಯರಿಗೆ ಇದು ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ದೊಡ್ಡ ಪೆಟ್ಟು ಬಿದ್ದ ಪ್ರಕರಣಗಳೂ ಇದ್ದವು, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಆ ಎಚ್ಚರಿಕೆಯನ್ನು ಸೇರಿಸಿತು. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ, ಮೈ ತುರಿಸಿದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮೆಡಿಕಲ್ ಶಾಪಿನವರಲ್ಲಿ ಕೈ ಮುಗಿದು ಕೇಳುತ್ತೇನೆ. ಈ ಮಾತ್ರೆ ಕೇಳಿ ಬಂದವರಿಗೆ ಚೀಟಿ ತನ್ನಿ ಅನ್ನಿ. ಚೀಟಿ ತಂದರೂ ಥೈರಾಯ್ಡ್ ಇದೆಯಾ ಅಂತ ಕೇಳಿ, ನಮ್ಮ ಸ್ಟಾಫ್ ರೂಮಿನ ಎಂಟು ಹೆಂಗಸರಲ್ಲಿ ಮೂವರಿಗೆ ಇದೆ. ಸಂಪಾದಕರೇ, ನಿಮ್ಮ ಆರೋಗ್ಯ ಪುಟದಲ್ಲಿ ಒಬ್ಬ ಡಾಕ್ಟರಿಂದ ಈ ಮಾತ್ರೆಯ ಬಗ್ಗೆ ಒಂದು ಸಲ ಬರೆಸಿ. ಎಣ್ಣೆ ಕಲೆಯ ವಿಷಯವನ್ನೂ ನಾಚಿಕೆ ಬಿಟ್ಟು ಬರೆಯಲು ಹೇಳಿ.

– ಒಬ್ಬ ಶಿಕ್ಷಕಿ, ದಾವಣಗೆರೆ