ಈ ಪ್ರಬಂಧಗಳನ್ನು ಓದುವವರು ಯಾರು?

ಮಾನ್ಯ ಸಂಪಾದಕರೇ,

ವಿಜಯಪುರದ ಒಂದು ಹೈಸ್ಕೂಲಿನ ಎದುರು ನನ್ನ ಝೆರಾಕ್ಸ್ ಅಂಗಡಿ ಇದೆ. ಹೋಂವರ್ಕಿಗೆ ಕೊಟ್ಟ ಪ್ರಬಂಧವನ್ನು ಮಕ್ಕಳು ತಾವಾಗಿ ಬರೆಯುವುದೇ ಇಲ್ಲ, ಎಲ್ಲದಕ್ಕೂ ಮೊಬೈಲ್ ಹಿಡಿಯುತ್ತಾರೆ ಅನ್ನುವ ದೂರು ಈಗ ಎಲ್ಲ ಕಡೆ ಕೇಳಿಸುತ್ತಿದೆ. ದೂರು ನಿಜ. ಆದರೆ ಇದರಲ್ಲಿ ಬೈಸಿಕೊಳ್ಳುವವರು ಮಕ್ಕಳು ಮಾತ್ರ. ಆ ಪ್ರಬಂಧಗಳು ಪ್ರಿಂಟ್ ಆಗುವ ಜಾಗದಲ್ಲಿ ದಿನವೂ ಕೂರುವವನು ನಾನು. ನನಗೆ ಕಂಡಿದ್ದನ್ನೂ ಓದುಗರ ಮುಂದೆ ಇಡಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಶಾಲೆ ಗಂಟೆ ಹೊಡೆಯುವ ಮೊದಲಿನ ಅರ್ಧ ತಾಸು ನಮ್ಮ ಅಂಗಡಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ. "ಕಾಕಾ, ವಾಟ್ಸ್ಯಾಪ್ ಮಾಡೀನಿ ನೋಡ್ರಿ, ಲಗೂ ತಗೀರಿ, ಬೆಲ್ ಹೊಡಿತೈತಿ." ತೆಗೆದು ನೋಡಿದರೆ 'ಗ್ರಂಥಾಲಯದ ಮಹತ್ವ', ಎರಡು ಪುಟ. ಅದರ ಹಿಂದಿನವನದೂ ಅದೇ. ಮೊದಲೂ ಹೀಗೆ ಇತ್ತು, ಇಲ್ಲ ಅನ್ನುವುದಿಲ್ಲ. ಆಗ ಗೈಡ್ ಇತ್ತು, ಪ್ರಬಂಧಗಳ ಪುಸ್ತಕ ಇತ್ತು, ಅಕ್ಕನ ಹಳೇ ನೋಟ್‌ಬುಕ್ ಇತ್ತು. ಆದರೆ ಗೈಡ್ ನೋಡಿ ಬರೆಯುವವನು ಎರಡು ಪುಟವನ್ನಾದರೂ ಕೈಯಾರೆ ಬರೆಯುತ್ತಿದ್ದ, ನಡುವೆ ಬೇಜಾರಾಗಿ ಒಂದೆರಡು ಸಾಲು ಬಿಡುತ್ತಿದ್ದ, ಇನ್ನೊಂದೆರಡು ಸಾಲು ತನ್ನದೇ ಸೇರಿಸುತ್ತಿದ್ದ. 2022ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಬಂತು, ಕೇಳಿದ್ದನ್ನು ತಾನೇ ಬರೆದುಕೊಡುವ ಎಐ, ಅಂದರೆ ಕೃತಕ ಬುದ್ಧಿಮತ್ತೆ. 2024ರಲ್ಲಿ ವಾಟ್ಸ್ಯಾಪ್ ಒಳಗೇ ಎಐ ಬಂದು ಕೂತಿತು. ಈಗ ಅವ್ವನ ಮೊಬೈಲಿನಲ್ಲಿ ವಿಷಯದ ಹೆಸರು ಹೇಳಿದರೆ ಸಾಕು, ಪೀಠಿಕೆಯಿಂದ ಉಪಸಂಹಾರದವರೆಗೆ ಎಲ್ಲ ತಯಾರು.

ಮಕ್ಕಳು ಅದನ್ನು ಒಂದು ಸಲ ಓದಿಯೂ ನೋಡುವುದಿಲ್ಲ. ನನಗೆ ಜಾಸ್ತಿ ನೋವಾಗುವುದು ಇದಕ್ಕೇ. 'ನಮ್ಮ ಊರಿನ ಐತಿಹಾಸಿಕ ಸ್ಥಳ' ಅಂತ ಒಮ್ಮೆ ವಿಷಯ ಕೊಟ್ಟಿದ್ದರು. ಬಂದವರೆಲ್ಲ ಗೋಳಗುಮ್ಮಟದ ಬಗ್ಗೆಯೇ ಪ್ರಿಂಟ್ ಕೇಳಿದರು, ಅದು ಸಹಜವೇ. ಅದರಲ್ಲಿ ಮೂವರ ಹಾಳೆಯಲ್ಲಿ ಗೋಳಗುಮ್ಮಟವನ್ನು ಇಬ್ರಾಹಿಂ ಆದಿಲ್ ಶಾಹನ ಗೋರಿ ಅಂತ ಬರೆದಿತ್ತು. ಅದು ಮಹಮ್ಮದ್ ಆದಿಲ್ ಶಾಹನ ಗೋರಿ. 1656ರಲ್ಲಿ ಅವನು ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ಅಲ್ಲಿ. ಇಬ್ರಾಹಿಂನದು ಊರಿನ ಆ ಕಡೆ ಇರುವ ಇಬ್ರಾಹಿಂ ರೋಜಾ. ಆ ಮೂವರಲ್ಲಿ ಒಬ್ಬನ ಮನೆ ಮಾಳಿಗೆ ಹತ್ತಿದರೆ ಗುಮ್ಮಟ ಎದುರಿಗೇ ಕಾಣುತ್ತದೆ. ತಪ್ಪು ತೋರಿಸಿದೆ. "ಇರ್ಲಿ ಬಿಡ್ರಿ ಕಾಕಾ, ಯಾರ್ ಓದ್ತಾರ" ಅಂದ.

ಅದೇ ಹುಡುಗ ಗುಮ್ಮಟದ ಮೇಲಿನ ಗ್ಯಾಲರಿಗೆ ಹತ್ತಿ ಹೋಗಿದ್ದಾನೆ. ಈ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಆ ಕಡೆ ನಿಂತವರಿಗೆ ಕೇಳುತ್ತದೆ ಅನ್ನುವುದು ಅವನಿಗೆ ಗೊತ್ತು. ಟ್ರಿಪ್ಪಿಗೆ ಬಂದ ಮಂದಿಯೆಲ್ಲ ಸೇರಿ ಕೂಗಿ, ಸಿಳ್ಳೆ ಹೊಡೆದು ಏನೂ ಕೇಳದ ಹಾಗೆ ಮಾಡುತ್ತಾರೆ ಅನ್ನುವುದೂ ಗೊತ್ತು. ಮೆಟ್ಟಿಲು ಹತ್ತುವಾಗ ತನ್ನ ಅಜ್ಜಿ ಎಲ್ಲಿ ಕೂತು ದಮ್ಮು ತಗೊಂಡಳು ಅಂತ ಅಂಗಡಿ ಕಟ್ಟೆಯ ಮೇಲೆ ನಿಂತು ನನಗೇ ಹೇಳಿದ್ದ. ಅದರಲ್ಲಿ ಒಂದಕ್ಷರವೂ ಆ ಹಾಳೆಯಲ್ಲಿ ಇರಲಿಲ್ಲ. ಹೇಗೆ ಇರುತ್ತದೆ? ಎಐ ಎಲ್ಲೆಲ್ಲೋ ಬರೆದಿಟ್ಟಿದ್ದರ ಅಂದಾಜಿನ ಮೇಲೆ ಒಂದಾದ ಮೇಲೊಂದು ಮಾತು ಜೋಡಿಸುತ್ತದೆ ಅಷ್ಟೇ, ಅದಕ್ಕೆ ಅಜ್ಜಿಯೂ ಇಲ್ಲ, ಮೆಟ್ಟಿಲೂ ಇಲ್ಲ.

"ಯಾರ್ ಓದ್ತಾರ" ಅನ್ನುವ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದರೆ ಅವನು ಹೇಳಿದ್ದು ಖರೆ. ಝೆರಾಕ್ಸಿಗೆ ಬರುವ ನೋಟ್‌ಬುಕ್ಕುಗಳನ್ನು ನಾನು ನೋಡುತ್ತಿರುತ್ತೇನೆ. ಕೊನೆಯ ಪುಟದ ಕೆಳಗೆ ಕೆಂಪು ಸಹಿ, ತಾರೀಖು, ನಡುವೆ ಅಲ್ಲಲ್ಲಿ ಒಂದು ಟಿಕ್. ಒಂದು ಪ್ರಬಂಧದಲ್ಲಿ ಮೊದಲ ಸಾಲೇ 'ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ' ಅಂತ ಇತ್ತು. ಹುಡುಗಿ ಅದನ್ನೂ ದುಂಡಗೆ ಬರೆದುಕೊಂಡಿದ್ದಳು. ಆ ಸಾಲಿನ ಪಕ್ಕದಲ್ಲೂ ಟಿಕ್ ಬಿದ್ದಿತ್ತು! ಬರೆದವಳೂ ಓದಿಲ್ಲ, ನೋಡಿದವರೂ ಓದಿಲ್ಲ. ಹಾಗಾದರೆ ಆ ಎರಡು ಪುಟ ಯಾರಿಗಾಗಿ ಬರೆಸಿದ್ದು? ಒಬ್ಬ ಹುಡುಗ ಇನ್ನೂ ನೇರವಾಗಿ ಹೇಳಿದ: "ಸರ್ ಓದಂಗಿಲ್ಲರೀ, ಪುಟ ಎಣಸ್ತಾರ."

ಶಿಕ್ಷಕರನ್ನು ಸುಮ್ನೆ ಬೈಯಲು ಇದನ್ನು ಬರೆಯುತ್ತಿಲ್ಲ. ಅವರೂ ನನ್ನ ಗಿರಾಕಿಗಳೇ. ಅವರ ಕೈಯಲ್ಲಿ ಎಷ್ಟು ಕಾಗದ ಇರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಂಟು, ಒಂಬತ್ತು, ಹತ್ತನೇ ತರಗತಿ ಎಲ್ಲಕ್ಕೂ ಕನ್ನಡಕ್ಕೆ ಒಬ್ಬರೇ, ಮೇಲೆ ಸಮೀಕ್ಷೆ, ಚುನಾವಣೆ ಕೆಲಸ, ಆನ್‌ಲೈನಿನಲ್ಲಿ ತುಂಬುವ ಮಾಹಿತಿ. ಎಷ್ಟೋ ಕಡೆ ಇರುವವರು ಅತಿಥಿ ಶಿಕ್ಷಕರು, ಅವರಿಗೆ ಮುಂದಿನ ವರ್ಷದ ಭರವಸೆಯೂ ಇರುವುದಿಲ್ಲ. ನೂರು ನೋಟ್‌ಬುಕ್ಕಿನಲ್ಲಿ ಎರಡೆರಡು ಪುಟ ಓದುವುದು ಆಗದ ಮಾತು. ಆದರೆ ಓದಲು ಆಗುವುದಿಲ್ಲ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಬರೆಸುವುದು ಯಾಕೆ? ಅದೂ ಅವೇ ವಿಷಯಗಳು: ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳ ಮಹತ್ವ, ಜನಸಂಖ್ಯಾ ಸ್ಫೋಟ. ನಾನು ಶಾಲೆ ಕಲಿಯುವಾಗಲೂ ಇವೇ ಇದ್ದವು.

ಜುಲೈ ಬಂತೆಂದರೆ ಫ.ಗು. ಹಳಕಟ್ಟಿಯವರ ಬಗ್ಗೆ ಪ್ರಬಂಧ. ಜುಲೈ 2 ಅವರ ಜನ್ಮದಿನ, ಸ್ಪರ್ಧೆಗಳು ಇರುತ್ತವೆ. ಇದೇ ಊರಿನಲ್ಲಿ ವಕೀಲಿ ಮಾಡುತ್ತಿದ್ದ ಮನುಷ್ಯ. ಮನೆ ಮನೆ ಅಲೆದು ತಾಡೋಲೆ ಹುಡುಕಿದರು, ಅದರಲ್ಲಿದ್ದ ವಚನಗಳನ್ನು ಕೈಯಾರೆ ಇಳಿಸಿಕೊಂಡರು, ಅಚ್ಚು ಹಾಕುವವರು ಸಿಗದೆ ಇದ್ದ ಮನೆ ಮಾರಿ ತಾವೇ ಪ್ರೆಸ್ ಹಾಕಿದರು. ಇವತ್ತು ನಾವು ವಚನ ಓದುತ್ತಿದ್ದೇವೆ ಅಂದರೆ ಅವರು ಹಾಗೆ ಕೂತು ಬರೆದದ್ದಕ್ಕೆ. ಅವರ ಮೇಲಿನ ಪ್ರಬಂಧ ಅರ್ಧ ನಿಮಿಷದಲ್ಲಿ ಮೊಬೈಲಿನಿಂದ ಇಳಿದು ನನ್ನ ಮಷೀನಿನಲ್ಲಿ ಐದು ರೂಪಾಯಿಗೆ ಹೊರಗೆ ಬರುವಾಗ ನನಗೆ ಸಂಕಟವಾಗುತ್ತದೆ. ಆ ಹಣ ನನಗೇ ಬರುತ್ತದೆ, ಆದರೂ ಆಗುತ್ತದೆ.

ಇನ್ನೊಂದು ಹಾಳೆಯ ಬಗ್ಗೆ ಹೇಳಲೇಬೇಕು. ತಾಂಡಾದಿಂದ ಬರುವ ಒಬ್ಬ ಹುಡುಗಿ ತಾನೇ ಬರೆದ ಪ್ರಬಂಧವನ್ನು ಝೆರಾಕ್ಸ್ ಮಾಡಿಸಲು ತಂದಿದ್ದಳು. ವಿಷಯ 'ಮೊಬೈಲ್ ಬಳಕೆ'. ಎಲ್ಲರೂ ಅನುಕೂಲ, ಅನಾನುಕೂಲ ಅಂತ ಬರೆದಿದ್ದರೆ ಇವಳು ಬರೆದದ್ದೇ ಬೇರೆ. ಅವಳ ಅಪ್ಪ, ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ರಾತ್ರಿ ಅವ್ವ ಫೋನ್ ಹಚ್ಚಿ ಉಂಡ್ಯಾ ಅಂತ ಕೇಳುತ್ತಾಳೆ. ಉಂಡಿರದಿದ್ದರೂ ಇವಳು ಉಂಡೀನಿ ಅನ್ನುತ್ತಾಳೆ. ಅವ್ವನೂ ಹಾಗೇ ಅನ್ನುತ್ತಿರಬಹುದು ಅಂತ ತನಗೆ ಅನುಮಾನ, ಅಂತ ಬರೆದಿದ್ದಳು. ದೀರ್ಘ, ಒತ್ತಕ್ಷರ ತುಂಬ ಕಡೆ ತಪ್ಪಿದ್ದವು. ಪೀಠಿಕೆಯೂ ಇರಲಿಲ್ಲ, ಉಪಸಂಹಾರವೂ ಇರಲಿಲ್ಲ. ನಾನು ಮಷೀನ್ ನಿಲ್ಲಿಸಿ ಪೂರ್ತಿ ಓದಿದೆ. ಅದಕ್ಕೆ ಬಿದ್ದದ್ದೂ ಅದೇ ಕೆಂಪು ಸಹಿ, ಮೇಲೆ 'ಕಾಗುಣಿತ ಸುಧಾರಿಸು' ಅಂತ ಒಂದು ಸಾಲು. ಪ್ರಿಂಟ್ ನೋಡಿ ಬರೆದವರಿಗೆ 'ಉತ್ತಮ' ಸಿಕ್ಕಿತ್ತು. ಮುಂದಿನ ಸಲ ಆ ಹುಡುಗಿ ಏನು ಮಾಡುತ್ತಾಳೆ ಹೇಳಿ? ಅವಳೂ ಪ್ರಿಂಟ್ ಕೇಳಲು ಬಂದಳು.

ಪಾಲಕರಿಗೂ ಒಂದು ಮಾತು. "ಏನರ ಮಾಡ್ರಿ, ಮಾರ್ಕ್ಸ್ ಬಂದ್ರ ಸಾಕು" ಅಂತ ಅವರೇ ಬಂದು ಪ್ರಬಂಧ ತೆಗೆಸಿಕೊಂಡು ಹೋಗುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಅದರಲ್ಲಿ 25 ಆಂತರಿಕ ಅಂಕ ಶಾಲೆಯ ಕೈಯಲ್ಲಿ. ಉಳಿದ 100 ಅಂಕಕ್ಕೆ ಮಗು ಒಬ್ಬನೇ ಪೆನ್ನು ಹಿಡಿದು ಕೂರಬೇಕು, ಅಲ್ಲಿ ಪ್ರಬಂಧವೂ ಬರುತ್ತದೆ, ಪತ್ರವೂ ಬರುತ್ತದೆ, ಮೊಬೈಲ್ ಇರುವುದಿಲ್ಲ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ದೂರದಿಂದಲೇ ನೇರ ನಿಗಾ ಇಡುವ ವ್ಯವಸ್ಥೆ, ತಂದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89 ಶೇಕಡಾದಿಂದ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು 10 ಶೇಕಡಾದಿಂದ 20ಕ್ಕೆ ಏರಿಸಿದ ಮೇಲೆ. ವರ್ಷಪೂರ್ತಿ ಒಂದು ಪುಟವನ್ನೂ ಸ್ವಂತವಾಗಿ ಬರೆಯದ ಮಗು ಆ ದಿನ ದಿಢೀರ್ ಅಂತ ಹೇಗೆ ಬರೆಯುತ್ತದೆ?

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಬಂಧ ಮನೆಗೆ ಕೊಡುವುದು ಬೇಡ. ವಾರಕ್ಕೆ ಒಂದು ಪಿರಿಯಡ್ ತರಗತಿಯಲ್ಲೇ ಬರೆಸಿ. ಎರಡು ಪುಟ ಬೇಡ, ಅರ್ಧ ಪುಟ ಸಾಕು, ಅಷ್ಟಾದರೆ ಓದಬಹುದು. ಎಲ್ಲರದನ್ನೂ ಪ್ರತಿ ವಾರ ಓದಲು ಆಗದಿದ್ದರೆ ಹತ್ತು ಮಕ್ಕಳದ್ದು ಓದಿ, ಮುಂದಿನ ವಾರ ಬೇರೆ ಹತ್ತು. ಒಳ್ಳೆಯದು ಒಂದನ್ನು ತರಗತಿಯ ಎದುರು ಗಟ್ಟಿಯಾಗಿ ಓದಿಸಿ. ವಿಷಯಕ್ಕೇನು ಬರ ನಮ್ಮ ಜಿಲ್ಲೆಯಲ್ಲಿ? ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ನೀನು ಏನು ಕೊಂಡೆ, ಎಷ್ಟು ಚೌಕಾಸಿ ಮಾಡಿದೆ. ತೊರವಿಯ ದನದ ಜಾತ್ರೆಗೆ ಅಪ್ಪನ ಜೊತೆ ಹೋದದ್ದು. ತಿಕೋಟಾ ಕಡೆಯವರಾದರೆ ದ್ರಾಕ್ಷಿ ಒಣಗಿಸುವಾಗ ಮಳೆ ಬಂದರೆ ಮನೆಯಲ್ಲಿ ಏನಾಗುತ್ತದೆ, ಇಂಡಿಯವರಾದರೆ ಲಿಂಬೆಯ ರೇಟು ಬಿದ್ದ ವರ್ಷ. ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನ ಬಗ್ಗೆ ಅಜ್ಜನನ್ನು ಕೇಳಿ ಬಾ ಅನ್ನಿ. ಇವಕ್ಕೆಲ್ಲ ಮೊಬೈಲಿನಲ್ಲಿ ಉತ್ತರ ಕೇಳಿದರೆ ಬರುವುದು ಎಲ್ಲರಿಗೂ ಒಂದೇ ಥರದ್ದು, ತಕ್ಷಣ ಗೊತ್ತಾಗುತ್ತದೆ. ಎಐ ಬೇಕೇ ಬೇಕು ಅನ್ನುವವರು ಬರೆದಾದ ಮೇಲೆ ಕಾಗುಣಿತ ನೋಡಿಕೊಳ್ಳಲು ಬಳಸಲಿ, ಅದಕ್ಕೆ ನನ್ನ ತಕರಾರಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಈಗ ನನ್ನ ಅಂಗಡಿಯಲ್ಲಿ ಮಕ್ಕಳ ಪ್ರಬಂಧದ ಪ್ರಿಂಟ್ ತೆಗೆಯುವುದನ್ನು ನಿಲ್ಲಿಸಿದ್ದೇನೆ, ಬೋರ್ಡನ್ನೂ ಹಾಕಿದ್ದೇನೆ. ಪಕ್ಕದ ಅಂಗಡಿಗೆ ಹೋಗುತ್ತಾರೆ, ಗೊತ್ತು. ಶಾಲೆಗಳ ಎದುರು ಇರುವ ಬೇರೆ ಅಂಗಡಿಯವರೂ ಹೀಗೇ ಮಾಡಿದರೆ ಅನುಕೂಲ. ಕೊನೆಗೆ ನಿಮ್ಮಲ್ಲೂ ಒಂದು ವಿನಂತಿ. ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಒಂದು ಮೂಲೆ ಬಿಡಿ. ಮಕ್ಕಳು ತಮ್ಮ ಓಣಿ, ತಮ್ಮ ಮನೆಯ ಬಗ್ಗೆ ಕೈಯಲ್ಲಿ ಬರೆದದ್ದನ್ನು, ಕಾಗುಣಿತ ತಿದ್ದಿ ಹೆಸರು, ಶಾಲೆ ಸಮೇತ ಹಾಕಿ. ಹಾಳೆಗಳನ್ನು ಸ್ಕ್ಯಾನ್ ಮಾಡಿ ನಿಮ್ಮ ಕಚೇರಿಗೆ ಕಳಿಸುವ ಕೆಲಸ ನಾನು ಪುಕ್ಕಟೆ ಮಾಡಿಕೊಡುತ್ತೇನೆ.

– ಒಬ್ಬ ಝೆರಾಕ್ಸ್ ಅಂಗಡಿಯವ, ವಿಜಯಪುರ